ಬಾಡಿಗೆದಾರರ ಸಮೇತ ಕೊಳ್ಳುವ ಕಟ್ಟಡ: ಬಾಡಿಗೆಯೊಳಗೇ ಸೇರಿರುವ ಕರೆಂಟು, ನೀರು, ಇಂಟರ್ನೆಟ್ ನಿಭಾಯಿಸುವುದು ಹೇಗೆ?

ಆರುಮನೆ_ಒಂದುಗೇಟು

ನಮಸ್ಕಾರ. ಆರು ಮನೆಗಳಿರುವ ಕಟ್ಟಡವೊಂದರ ಕ್ರಯ ಸದ್ಯದಲ್ಲೇ ಆಗಲಿದೆ. ಐದರಲ್ಲಿ ಬಾಡಿಗೆದಾರರಿದ್ದಾರೆ, ಒಂದು ಖಾಲಿ. ಈಗಿನ ಮಾಲೀಕರು ಮಾಡಿಕೊಟ್ಟಿರುವ ಕರಾರುಗಳು ಒಂದೊಂದೂ ಒಂದೊಂದು ಥರ.

ಎರಡು ಮನೆಗಳ ಕರಾರಿನಲ್ಲಿ "ನೀರು ಮತ್ತು ವಿದ್ಯುತ್ ಬಾಡಿಗೆಯಲ್ಲಿ ಸೇರಿದೆ" ಎಂಬ ಒಂದೇ ಸಾಲಿದೆ, ಮಿತಿ ಏನೂ ಬರೆದಿಲ್ಲ. ಇವಕ್ಕೆ ಇನ್ನೂ 14 ತಿಂಗಳ ಅವಧಿ ಬಾಕಿ. ಇನ್ನೆರಡು ಮನೆಗಳ ಅವಧಿ ಮುಗಿದು, ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತಿದೆ. ಅವುಗಳಲ್ಲಿ ನೀರು ಮತ್ತು ಕಸ ವಿಲೇವಾರಿ ಸೇರಿದೆ ಅಂತಿದೆ, ಕರೆಂಟಿನ ಬಗ್ಗೆ ಒಂದಕ್ಷರವೂ ಇಲ್ಲ, ಆದರೆ ಬಿಲ್ ಕಟ್ಟುತ್ತಾ ಬಂದಿರುವುದು ಮಾಲೀಕರೇ. ಐದನೇ ಮನೆಯವರು ತಮಗೆ ಇಂಟರ್ನೆಟ್ ಕೂಡ ಸೇರಿದೆ ಅನ್ನುತ್ತಾರೆ. ಕಾಗದದಲ್ಲಿ ಅದು ಕಾಣುವುದಿಲ್ಲ.

ಇಡೀ ಕಟ್ಟಡಕ್ಕೆ ನೀರಿಗೊಂದು ಮೀಟರ್, ಕರೆಂಟಿಗೊಂದು ಮೀಟರ್. ಪಂಪು, ಮೆಟ್ಟಿಲ ದೀಪ ಎಲ್ಲಾ ಅದರಲ್ಲೇ.

ಕೇಳಬೇಕಾದದ್ದು ಇಷ್ಟು: ಕ್ರಯವಾದ ಮೇಲೆ ಇದನ್ನೆಲ್ಲ ನಾನು ಹಾಗೇ ಮುಂದುವರಿಸಲೇಬೇಕಾ? ಈ ಖರ್ಚನ್ನು ಬಾಡಿಗೆದಾರರ ಪಾಲಿಗೆ ಸರಿಸುವುದಿದ್ದರೆ ಯಾವಾಗ, ಹೇಗೆ? ಕ್ರಯಕ್ಕೆ ಮೊದಲು ಏನೇನು ನೋಡಿಕೊಳ್ಳಬೇಕು?

---

ಕ್ರಯಪತ್ರ

ಮೊದಲ ಪ್ರಶ್ನೆಗೆ ಉತ್ತರ: ಹೌದು. ಬಹುತೇಕ ಎಲ್ಲ ಕಡೆಯ ಕಾನೂನಿನಲ್ಲೂ ಕಟ್ಟಡ ಕೈ ಬದಲಾಯಿಸಿದರೆ ಚಾಲ್ತಿಯಲ್ಲಿರುವ ಬಾಡಿಗೆ ಕರಾರು ಮುರಿದು ಬೀಳುವುದಿಲ್ಲ. ಮಾರಿದವರ ಜಾಗದಲ್ಲಿ ನೀವು ಬಂದು ನಿಲ್ಲುತ್ತೀರಿ, ಅವರು ಒಪ್ಪಿಕೊಂಡದ್ದಕ್ಕೆಲ್ಲ ನೀವು ಬದ್ಧರು. ಹಾಗಾಗಿ 14 ತಿಂಗಳು ಬಾಕಿ ಇರುವ ಆ ಎರಡು ಮನೆಗಳ ನೀರು, ಕರೆಂಟು ಅಷ್ಟೂ ಕಾಲ ನಿಮ್ಮದೇ ಖರ್ಚು. ಅದನ್ನು ತಪ್ಪಿಸುವ ದಾರಿ ಹುಡುಕುವ ಬದಲು ಖರೀದಿ ಬೆಲೆಯ ಲೆಕ್ಕದಲ್ಲೇ ಕಳೆದುಬಿಡಿ. ತಿಂಗಳಿಂದ ತಿಂಗಳಿಗೆ ನಡೆಯುವ ಕರಾರನ್ನು ಸರಿಯಾದ ನೋಟಿಸ್ ಕೊಟ್ಟು ಬದಲಿಸಬಹುದು. ನೋಟಿಸಿಗೆ ಎಷ್ಟು ದಿನ ಕೊಡಬೇಕು, ಯಾವ ರೂಪದಲ್ಲಿ ಕೊಡಬೇಕು ಅನ್ನುವುದು ಊರಿಂದೂರಿಗೆ ಬೇರೆ, ಅದನ್ನು ಸ್ಥಳೀಯ ವಕೀಲರಿಂದಲೇ ತಿಳಿಯಿರಿ.

"ಕಾಗದದಲ್ಲಿಲ್ಲ" ಅನ್ನುವುದನ್ನು ನೆಚ್ಚಿಕೊಳ್ಳಬೇಡಿ. ಮಾಲೀಕರು ವರ್ಷಗಟ್ಟಲೆ ತಕರಾರಿಲ್ಲದೆ ಬಿಲ್ ಕಟ್ಟಿದ್ದರೆ ಆ ರೂಢಿಯೇ ಕರಾರಿನ ಭಾಗ ಎಂದು ವಾದಿಸಲು ಬಾಡಿಗೆದಾರರಿಗೆ ಅವಕಾಶವಿದೆ. ಒಂದು ಮೆಸೇಜಿನಲ್ಲಿ "ಇಂಟರ್ನೆಟ್ ನಾನು ಹಾಕಿಸಿಕೊಡ್ತೀನಿ" ಎಂದು ಬರೆದಿದ್ದರೂ ಅದು ಪುರಾವೆ. ಸಾಲು ಅಸ್ಪಷ್ಟವಾಗಿದ್ದರೆ ಅದನ್ನು ಬರೆದವರ ವಿರುದ್ಧವಾಗಿ ಅರ್ಥೈಸುವ ಪದ್ಧತಿಯೂ ಹಲವೆಡೆ ಇದೆ.

ಆದ್ದರಿಂದ ಕ್ರಯಕ್ಕೆ ಮೊದಲು ಮಾಡಲೇಬೇಕಾದ ಕೆಲಸ, ಪ್ರತಿ ಬಾಡಿಗೆದಾರರಿಂದ ಸಹಿ ಮಾಡಿದ ದೃಢೀಕರಣ ಪತ್ರ. ಕೆಲವರು ಇದನ್ನು ಎಸ್ಟಾಪೆಲ್ ಸರ್ಟಿಫಿಕೇಟ್ ಅನ್ನುತ್ತಾರೆ. ಈಗಿನ ಬಾಡಿಗೆ, ಎಲ್ಲಿಯವರೆಗೆ ಕಟ್ಟಿದ್ದಾರೆ, ಠೇವಣಿ ಎಷ್ಟು, ಅವಧಿ ಯಾವಾಗ ಮುಗಿಯುತ್ತದೆ, ಮನೆಯಲ್ಲಿ ಎಷ್ಟು ಜನ, ಇವಿಷ್ಟು ಇರಲಿ. ನಿಮಗೆ ಬೇಕಾದ ಮುಖ್ಯ ಭಾಗ ಇದರ ಮುಂದಿನದು. ನೀರು, ಕರೆಂಟು, ಗ್ಯಾಸ್, ಬಿಸಿನೀರು, ಕಸ, ಇಂಟರ್ನೆಟ್, ಪಾರ್ಕಿಂಗ್, ಬಟ್ಟೆ ಒಗೆಯುವ ಯಂತ್ರ, ಕೀಟ ನಿಯಂತ್ರಣ ಎಂದು ಒಂದೊಂದನ್ನೂ ಪ್ರತ್ಯೇಕ ಸಾಲಿನಲ್ಲಿ ಹಾಕಿ, "ಯಾರು ಕಟ್ಟುತ್ತಾರೆ?" ಎಂಬ ಕಾಲಂ ತುಂಬಿಸಿ. ಕೊನೆಗೆ "ಬಾಯಿಮಾತಿನಲ್ಲಿ ಒಪ್ಪಿಕೊಂಡ ಬೇರೆ ಏನಾದರೂ ಇದೆಯೇ?" ಎಂದೂ ಕೇಳಿ. ಮಾರುವವರು ಹೇಳುವುದಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಕ್ರಯದ ಮೊದಲೇ ಇತ್ಯರ್ಥವಾಗಲಿ. ಆಮೇಲೆ ಅದು ನಿಮ್ಮ ಜಗಳ.

ಮಾರುವವರಿಂದ 24 ತಿಂಗಳ ಬಿಲ್‌ಗಳನ್ನು ಕೇಳಿ. 12 ತಿಂಗಳಿನದು ಸಾಲದು, ಏರಿಕೆ ಋತುವಿನದೋ ಸೋರಿಕೆಯದೋ ಅಂತ ತಿಳಿಯಬೇಕಾದರೆ ಅದೇ ತಿಂಗಳನ್ನು ಹಿಂದಿನ ವರ್ಷದ ಜೊತೆ ಹೋಲಿಸಬೇಕು. ಹಣಕ್ಕಿಂತ ಯೂನಿಟ್ ಮತ್ತು ಲೀಟರ್ ನೋಡಿ, ದರ ನಡುವೆ ಬದಲಾಗಿರಬಹುದು. "ಅಂದಾಜು ರೀಡಿಂಗ್" ಅಂತ ನಮೂದಾಗಿರುವ ಬಿಲ್‌ಗಳನ್ನು ಬೇರೆ ಇಡಿ.

ಹಸ್ತಾಂತರದ ದಿನ ಮಾರುವವರ ಎದುರಿಗೇ ಎರಡೂ ಮೀಟರ್‌ಗಳ ಫೋಟೋ ತೆಗೆಯಿರಿ. ಅಂಕಿ ಮತ್ತು ಮೀಟರಿನ ಸೀರಿಯಲ್ ನಂಬರ್ ಒಂದೇ ಚಿತ್ರದಲ್ಲಿ ಕಾಣಬೇಕು. ಆ ರೀಡಿಂಗಿಗೆ ಇಬ್ಬರೂ ಸಹಿ ಹಾಕಿ. ಅಲ್ಲಿಯವರೆಗಿನದು ಅವರದು, ನಂತರದ್ದು ನಿಮ್ಮದು. ನೀರಿನ ಹಳೆ ಬಾಕಿ ಹಲವು ಕಡೆ ವ್ಯಕ್ತಿಗಲ್ಲ, ಆಸ್ತಿಗೇ ಅಂಟಿಕೊಳ್ಳುತ್ತದೆ. ಹಾಗಾಗಿ ಬಾಕಿ ಇಲ್ಲವೆಂಬ ಪತ್ರ ಕೈಗೆ ಬರುವವರೆಗೆ ಕ್ರಯದ ಹಣದಲ್ಲಿ ಒಂದು ಮೊತ್ತ ತಡೆಹಿಡಿಯುವ ಷರತ್ತು ಹಾಕಿಸಿ.

ಹೆಚ್ಚಿನವರು ಎಡವುವುದು ಇಲ್ಲಿ: ಮಾರಿದವರು ತಮ್ಮ ಹೆಸರಿನ ಸಂಪರ್ಕವನ್ನು ಮುಚ್ಚಿಸುತ್ತಾರೆ, ಕೊಂಡವರ ಅರ್ಜಿ ಇನ್ನೂ ಮಂಜೂರಾಗಿರುವುದಿಲ್ಲ, ಕರೆಂಟು ಹೋಗುತ್ತದೆ. ಅದು ಬಾಡಿಗೆದಾರರ ಕಣ್ಣಿಗೆ ನಿಮ್ಮ ಮೊದಲ ಕರಾರು ಉಲ್ಲಂಘನೆ. "ಮುಚ್ಚುವುದು" ಅನ್ನುವ ಅರ್ಜಿಯೇ ಬೇಡ, "ಹೆಸರು ಬದಲಾವಣೆ" ಅರ್ಜಿಯನ್ನು ಇಬ್ಬರೂ ಸಹಿ ಮಾಡಿ, ಹಸ್ತಾಂತರದ ದಿನಾಂಕದಿಂದಲೇ ಜಾರಿಯಾಗುವಂತೆ ಕೊಡಿ. ಇಂಟರ್ನೆಟ್‌ಗೂ ಇದೇ ಮಾತು. ರೂಟರ್ ಮಾರಿದವರದಾಗಿದ್ದರೆ ಅವರು ಅದನ್ನು ಒಯ್ಯಬಹುದು, ಮೊದಲೇ ಕೇಳಿಕೊಳ್ಳಿ.

ಸೇವೆಗಳ ಒಪ್ಪಂದಗಳನ್ನೂ ತರಿಸಿ ಓದಿ: ಕಸ, ಪಂಪಿನ ನಿರ್ವಹಣೆ, ಕೀಟ ನಿಯಂತ್ರಣ. ಅವು ತಾವಾಗಿಯೇ ನಿಮ್ಮ ಹೆಸರಿಗೆ ಬರುವುದಿಲ್ಲ, ಬರೆದು ವರ್ಗಾಯಿಸಬೇಕು. ತಾನಾಗಿ ನವೀಕರಣವಾಗುವ ಒಪ್ಪಂದ ಇದ್ದರೆ ರದ್ದತಿಯ ಗಡುವು ಯಾವಾಗ ಅಂತ ಗುರುತು ಹಾಕಿಕೊಳ್ಳಿ. ಗೀಸರ್, ನೀರಿನ ಸಾಫ್ಟನರ್, ಗ್ಯಾಸ್ ಟ್ಯಾಂಕ್ ಇವು ಕಟ್ಟಡದ ಸ್ವತ್ತೋ, ಕಂಪನಿಯಿಂದ ಬಾಡಿಗೆಗೆ ತಂದದ್ದೋ ಅನ್ನುವುದು ತಿಳಿದಿರಬೇಕು. ಬಾಡಿಗೆಯದಾದರೆ ಮಾರಾಟದಲ್ಲಿ ಅದು ನಿಮಗೆ ಬರುವುದಿಲ್ಲ, ಅದರ ಕಂತು ಮಾತ್ರ ಬರುತ್ತದೆ.

ಹಸ್ತಾಂತರದ ದಿನವೇ ಬಾಡಿಗೆದಾರರಿಗೆ ಒಂದು ಪುಟದ ಪತ್ರ ಕೊಡಿ. ಈವರೆಗಿನ ಸೇವೆಗಳು ಹಾಗೇ ಮುಂದುವರಿಯುತ್ತವೆ, ಬಾಡಿಗೆ ಇನ್ನು ಇಲ್ಲಿಗೆ, ಠೇವಣಿ ನನ್ನ ಕೈಗೆ ಬಂದಿದೆ, ಕರೆಂಟು-ನೀರು ಕೈಕೊಟ್ಟರೆ ಈ ನಂಬರ್, ಇಷ್ಟು ಸಾಕು. ಬದಲಾವಣೆಯ ಮಾತು ಆ ಪತ್ರದಲ್ಲಿ ಬೇಡವೇ ಬೇಡ.

---

ವೈರು_ಪೈಪು

ಕಾಗದದ ಕೆಲಸ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಕಟ್ಟಡದ ಬಗ್ಗೆ ಹೇಳ್ತೀನಿ. ಬಿಲ್ಲು ಬಾಡಿಗೆದಾರರಿಂದಲೇ ಏರ್ತಿದೆ ಅಂತ ಅಂದುಕೊಳ್ಳೋ ಮೊದಲು ಕಟ್ಟಡ ತಾನೇ ಎಷ್ಟು ತಿನ್ನುತ್ತೆ ಅಂತ ಅಳೆಯಿರಿ. 14 ತಿಂಗಳು ಬಿಲ್ ನಿಮ್ಮದೇ ಅಂದಮೇಲೆ ಇಲ್ಲಿ ಉಳಿಸಿದ್ದೆಲ್ಲ ನೇರ ನಿಮ್ಮ ಜೇಬಿಗೆ.

ನೀರಿನಿಂದ ಶುರು ಮಾಡಿ. ಎಲ್ಲರೂ ಮಲಗಿದ ಹೊತ್ತಲ್ಲಿ, ರಾತ್ರಿ 2ರಿಂದ 4ರ ನಡುವೆ, ಮೀಟರ್ ರೀಡಿಂಗ್ ಎರಡು ಸಲ ತಗೊಳ್ಳಿ. ಟ್ಯಾಂಕ್ ತುಂಬೋ ವ್ಯವಸ್ಥೆ ಇದ್ದರೆ ಮೊದಲೇ ಟ್ಯಾಂಕ್ ತುಂಬಿಸಿ ಪಂಪ್ ಆಫ್ ಮಾಡಿರಬೇಕು, ಆಮೇಲೆ ಟ್ಯಾಂಕಿನ ಮಟ್ಟಕ್ಕೆ ಒಂದು ಗುರುತು ಹಾಕಿ ಎರಡು ಗಂಟೆ ಬಿಟ್ಟು ನೋಡಿ. ಮೀಟರ್ ಓಡಿದರೆ ನೆಲದಡಿಯ ಪೈಪ್ ಅಥವಾ ಬಾಲ್ ವಾಲ್ವ್ ಸೋರ್ತಿದೆ. ಮೀಟರ್ ನಿಂತಿದ್ದು ಟ್ಯಾಂಕಿನ ಮಟ್ಟ ಇಳಿದರೆ ಸೋರಿಕೆ ಮನೆಗಳ ಕಡೆಗಿದೆ.

ಮನೆಯೊಳಗಿನ ಸೋರಿಕೆಯಲ್ಲಿ ಮೊದಲ ಅನುಮಾನ ಫ್ಲಶ್ ಟ್ಯಾಂಕಿನ ಮೇಲೆ. ಸದ್ದೇ ಮಾಡದೆ ದಿನಕ್ಕೆ ನೂರಾರು ಲೀಟರ್ ಹೋಗುತ್ತೆ. ಟ್ಯಾಂಕಿಗೆ ಅಡುಗೆ ಬಣ್ಣದ ಕೆಲವು ಹನಿ ಹಾಕಿ, 15-20 ನಿಮಿಷ ಫ್ಲಶ್ ಮಾಡದೆ ಬಿಡಿ. ಕಮೋಡ್ ನೀರಿಗೆ ಬಣ್ಣ ಬಂದರೆ ಕೆಳಗಿನ ರಬ್ಬರ್ ವಾಷರ್ ಹೋಗಿದೆ. ಅದನ್ನು ಬದಲಿಸುವಾಗ ಅದು ಕೂರುವ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಉಪ್ಪುಗಟ್ಟಿದ್ದರೆ ಉಜ್ಜಿ ತೆಗೆಯಿರಿ. ಅಂಚು ಒರಟಾಗಿದ್ದರೆ ಹೊಸ ವಾಷರ್ರೂ ಸೋರುತ್ತೆ. ನೀರು ಓವರ್‌ಫ್ಲೋ ಪೈಪಿನ ಬಾಯಿಂದ ಇಳೀತಿದ್ದರೆ ವಾಷರ್ ತಪ್ಪಲ್ಲ, ಫ್ಲೋಟ್ ತುಂಬಾ ಮೇಲಿದೆ. ನೀರಿನ ಮಟ್ಟ ಆ ಬಾಯಿಗಿಂತ ಎರಡು ಸೆಂಟಿಮೀಟರ್ ಕೆಳಗೆ ಬರುವಂತೆ ಇಳಿಸಿ.

ಸೆಕೆಂಡಿಗೊಂದು ಹನಿ ಬೀಳೋ ನಲ್ಲಿ ದಿನಕ್ಕೆ 20-30 ಲೀಟರ್ ಕಳೆಯುತ್ತೆ. ನೇರ ಸರಬರಾಜಿನಲ್ಲಿ ಒತ್ತಡ 5 ಬಾರ್‌ಗಿಂತ ಮೇಲಿದ್ದರೆ ಪ್ರೆಷರ್ ರೆಡ್ಯೂಸಿಂಗ್ ವಾಲ್ವ್ ಹಾಕಿಸಿ 3ಕ್ಕೆ ಇಳಿಸಿ. ತೆರೆದ ನಲ್ಲಿಯ ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುತ್ತೆ, ಅಂದರೆ ಇದೊಂದರಿಂದಲೇ ಸುಮಾರು ಶೇ. 22 ಕಡಿಮೆ.

ಷವರ್‌ನಲ್ಲಿ ನೀರೂ ಉಳಿಯುತ್ತೆ, ಕರೆಂಟೂ ಉಳಿಯುತ್ತೆ. ನಿಮಿಷಕ್ಕೆ 15 ಲೀಟರ್ ಬಿಡುವ ಹಳೇ ಷವರ್‌ನಲ್ಲಿ 8 ನಿಮಿಷದ ಸ್ನಾನ 120 ಲೀಟರ್. ಅದನ್ನು 20 ಡಿಗ್ರಿಯಿಂದ 40ಕ್ಕೆ ಬಿಸಿ ಮಾಡಲು ಸುಮಾರು 2.8 ಯೂನಿಟ್ ಬೇಕು. 7.5 ಲೀಟರಿನ ಷವರ್ ಹಾಕಿದರೆ ಎರಡೂ ಅರ್ಧ. ಒಂದೇ ಎಚ್ಚರಿಕೆ: ಕೂಡಲೇ ಕಾಯಿಸುವ ಗ್ಯಾಸ್ ಗೀಸರ್ ಹೊತ್ತಿಕೊಳ್ಳಲು ಕನಿಷ್ಠ ಹರಿವು ಬೇಕು. ಒತ್ತಡ ಮೊದಲೇ ಕಡಿಮೆ ಇರುವ ಮೇಲ್ಮಹಡಿಯಲ್ಲಿ ಸಣ್ಣ ಷವರ್ ಹಾಕಿದರೆ ಗೀಸರ್ ಆರಿ ಆರಿ ಹೊತ್ತುತ್ತೆ. ಖರ್ಚು ಉಳಿಸೋಕೆ ಅಂತ ನೀರು ಸಂಗ್ರಹಿಸುವ ಗೀಸರಿನ ಥರ್ಮೋಸ್ಟಾಟನ್ನು 60 ಡಿಗ್ರಿಗಿಂತ ಕೆಳಗಿಳಿಸಬೇಡಿ, ಬೆಚ್ಚಗಿನ ನಿಂತ ನೀರಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತೆ. ನಲ್ಲಿಯಲ್ಲಿ ಸುಡಬಾರದು ಅಂದರೆ ಮಿಕ್ಸಿಂಗ್ ವಾಲ್ವ್ ಹಾಕಿಸಿ.

ಇನ್ನು ಕರೆಂಟು. ಅದೇ ನಡುರಾತ್ರಿಯಲ್ಲಿ ಕರೆಂಟ್ ಮೀಟರ್ ಕೂಡ ಎರಡು ಸಲ ಓದಿ, ಯೂನಿಟ್ ವ್ಯತ್ಯಾಸವನ್ನು ನಡುವಿನ ಗಂಟೆಗಳಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತೆ. ಆರು ಫ್ರಿಜ್ಜು, ರೂಟರ್, ದೀಪ ಎಲ್ಲಾ ಸೇರಿ 400-500 ವ್ಯಾಟ್ ಬಂದರೆ ಸಹಜ. ಒಂದೂವರೆ ಕಿಲೋವ್ಯಾಟ್ ಬಂದರೆ ಹುಡುಕಲೇಬೇಕು. ಬಿಡದೆ ಎಳೆಯುವ 1 ಕಿಲೋವ್ಯಾಟ್ ವರ್ಷಕ್ಕೆ 8,760 ಯೂನಿಟ್. ಸಾಮಾನ್ಯವಾಗಿ ಸಿಕ್ಕಿಬೀಳೋದು ಆಫ್ ಆಗದ ಪಂಪು. ಟ್ಯಾಂಕಿನ ಫ್ಲೋಟ್ ಸ್ವಿಚ್ ಸಿಕ್ಕಿಕೊಂಡು ನೀರು ಓವರ್‌ಫ್ಲೋ ಪೈಪಿನಿಂದ ಚರಂಡಿಗೆ ಹೋಗ್ತಾ ಇರುತ್ತೆ, ಯಾರಿಗೂ ಕಾಣಲ್ಲ. ಆ ಪೈಪಿನ ಬಾಯಿಯನ್ನು ಎಲ್ಲರ ಕಣ್ಣಿಗೆ ಬೀಳುವ ಜಾಗಕ್ಕೆ ತಿರುಗಿಸಿಡಿ, ಬೇರೆ ಅಲಾರಂ ಬೇಕಾಗಿಲ್ಲ. ಮೆಟ್ಟಿಲಲ್ಲಿ 60 ವ್ಯಾಟಿನ ಬಲ್ಬುಗಳಿದ್ದರೆ 9 ವ್ಯಾಟಿನ ಎಲ್‌ಇಡಿ ಹಾಕಿ: ದಿನಕ್ಕೆ 12 ಗಂಟೆ ಉರಿಯುವ ಒಂದೊಂದು ಬಲ್ಬಿಗೆ ವರ್ಷಕ್ಕೆ 220 ಯೂನಿಟ್ ಉಳಿಯುತ್ತೆ.

---

ಆರುಮನೆ_ಒಂದುಗೇಟು

ಇಬ್ಬರಿಗೂ ತುಂಬಾ ಧನ್ಯವಾದ. ಇನ್ನೊಂದು ವಿಷಯ. ಮಿತಿಯಿಲ್ಲದ ಎರಡು ಮನೆಗಳಲ್ಲಿ ಒಂದರಲ್ಲಿ 2 ಕಿಲೋವ್ಯಾಟಿನ ಎರಡು ರೂಮ್ ಹೀಟರ್‌ಗಳಿವೆ, ಚಳಿಯಲ್ಲಿ ರಾತ್ರಿಯೆಲ್ಲಾ ಉರಿಯುತ್ತವಂತೆ. ಕರಾರು ಇರುವಾಗಲೇ ಸಬ್‌ಮೀಟರ್ ಹಾಕಬಹುದಾ? ನೀರಿಗೂ ಮನೆಗೊಂದು ಮೀಟರ್ ಹಾಕಿಸಿದರೆ ಹೇಗೆ?

---

ವೈರು_ಪೈಪು

ಅಳೆಯೋಕೆ ಮಾತ್ರ ಅಂದರೆ ಹಾಕಬಹುದು. ಮೀಟರ್ ಬೋರ್ಡ್ ಸಾಮಾನ್ಯ ಜಾಗದಲ್ಲಿದ್ದರೆ ಮನೆಯೊಳಗೆ ಹೋಗುವ ಅಗತ್ಯವೂ ಇಲ್ಲ. ಒಂದು ಗಂಟೆ ಕರೆಂಟ್ ತೆಗೆಯುವ ಬಗ್ಗೆ ಮುಂಚಿತವಾಗಿ ಬರೆದು ತಿಳಿಸಿ, ರೀಡಿಂಗ್ ಅವರಿಗೂ ತೋರಿಸಿ. ಅದರ ಮೇಲೆ ಹಣ ಕೇಳುವಂತಿಲ್ಲ ಅಷ್ಟೇ.

ಎರಡು ಹೀಟರ್ 8 ಗಂಟೆ ಅಂದರೆ ರಾತ್ರಿಗೆ 32 ಯೂನಿಟ್, ಅದು ಗರಿಷ್ಠ. ಥರ್ಮೋಸ್ಟಾಟ್ ಇದ್ದರೆ ಕಡಿಮೆ ಬರುತ್ತೆ, ಅದಕ್ಕೇ ಅಳೆಯಬೇಕು ಅನ್ನೋದು. ಖರ್ಚಿಗಿಂತ ಮೊದಲು ವೈರಿಂಗ್ ನೋಡಿ. ಎರಡೂ ಒಂದೇ ಸರ್ಕ್ಯೂಟಿನಲ್ಲಿದ್ದರೆ 230 ವೋಲ್ಟಿನಲ್ಲಿ 17 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತವೆ, 16 ಆಂಪಿಯರ್ ಸಾಕೆಟ್, ಎಕ್ಸ್‌ಟೆನ್ಷನ್ ಬೋರ್ಡ್ ಬಿಸಿಯಾಗಿ ಕರಗುತ್ತವೆ. ಕಿಟಕಿ ಸಂದು, ಬಾಗಿಲ ಕೆಳಗಿನ ಸಂದು ಮುಚ್ಚಿಸಿಕೊಟ್ಟರೆ ಹೀಟರ್ ತಾನಾಗಿ ಕಡಿಮೆ ಉರಿಯುತ್ತೆ.

ಸಬ್‌ಮೀಟರ್ ತರುವಾಗ ಮುಂದೆ ಬಿಲ್ಲಿಗೂ ಬಳಸುವಂಥದ್ದೇ ತನ್ನಿ: ಅಳತೆ-ತೂಕದ ಇಲಾಖೆಯ ಮಾನ್ಯತೆ ಇರುವ, ಶೇ. 1 ನಿಖರತೆಯ ಕ್ಲಾಸ್ 1 ಮೀಟರ್. ಸಿಂಗಲ್ ಫೇಸ್ ಮನೆಗೆ ನೇರ ಸಂಪರ್ಕದ ಡಿನ್-ರೈಲ್ ಮೀಟರ್ (ಬೋರ್ಡಿನೊಳಗಿನ ಪಟ್ಟಿಗೆ ಸಿಕ್ಕಿಸುವಂಥದ್ದು) ಸಾಕು. ಸಿಟಿ ಕಾಯಿಲ್ (ತಂತಿಯ ಸುತ್ತ ಕೂತು ಕರೆಂಟನ್ನು ಸಣ್ಣದಾಗಿಸಿ ಮೀಟರಿಗೆ ಕೊಡುವ ಸುರುಳಿ) ಹಾಕುವ ಮೀಟರ್ ಆದರೆ ತಪ್ಪುವ ಜಾಗ ಹೆಚ್ಚು. ಕಾಯಿಲ್ ತಿರುಗುಮುರುಗಾದರೆ ಲೆಕ್ಕ ಕೆಡುತ್ತೆ, 100/5 ಅನುಪಾತದ ಕಾಯಿಲಿಗೆ 20ರ ಗುಣಕ ಹಾಕಲು ಮರೆತರೆ ಇಪ್ಪತ್ತರಲ್ಲೊಂದು ಪಾಲು ಮಾತ್ರ ತೋರಿಸುತ್ತೆ.

ಹಾಕಿದ ಮೇಲೆ ಪರೀಕ್ಷೆ ಮಾಡದೆ ಬಿಡಬೇಡಿ. ಆ ಮನೆಯಲ್ಲಿ ಹೀಟರ್ ಲೈನಿನದನ್ನು ಬಿಟ್ಟು ಉಳಿದೆಲ್ಲ ಎಂಸಿಬಿ (ಬೋರ್ಡಿನ ಸರ್ಕ್ಯೂಟ್ ಸ್ವಿಚ್) ಇಳಿಸಿ, 2 ಕಿಲೋವ್ಯಾಟಿನ ಹೀಟರ್ ಒಂದನ್ನೇ ಹಚ್ಚಿ. ಮೀಟರ್ ಮೇಲೆ "1000 ಇಂಪಲ್ಸ್" (ಅಂದರೆ ಯೂನಿಟ್ಟಿಗೆ 1000 ಮಿನುಗು) ಅಂತಿದ್ದರೆ ಕೆಂಪು ದೀಪ ನಿಮಿಷಕ್ಕೆ 33 ಸಲ ಮಿನುಗಬೇಕು. ವೋಲ್ಟೇಜ್ ಏರುಪೇರಿಗೆ ಒಂದೆರಡು ಆಚೀಚೆ ಆದೀತು, ಅರ್ಧಕ್ಕರ್ಧ ವ್ಯತ್ಯಾಸ ಬಂದರೆ ವೈರಿಂಗ್ ತಪ್ಪಿದೆ. ಆಮೇಲೆ ಮೇನ್ ಇಳಿಸಿ, ಕಟ್ಟಡದಲ್ಲಿ ಬೇರೆ ಏನಾದರೂ ಆರಿತಾ ನೋಡಿ. ಹಳೇ ಕಟ್ಟಡಗಳಲ್ಲಿ ಮೆಟ್ಟಿಲ ದೀಪ, ಪಕ್ಕದ ಮನೆಯ ಗೀಸರ್ ಯಾರದೋ ಲೈನಿನಲ್ಲಿರುತ್ತೆ. ಎರಡು ಮನೆಗಳ ನ್ಯೂಟ್ರಲ್ (ಕರೆಂಟು ಹಿಂತಿರುಗುವ ತಂತಿ) ಒಂದಾಗಿದ್ದರೂ ಕಷ್ಟ: ಕೆಲವು ಮೀಟರ್‌ಗಳು ಫೇಸ್, ನ್ಯೂಟ್ರಲ್ ಎರಡರಲ್ಲಿ ಯಾವುದು ಹೆಚ್ಚೋ ಅದನ್ನೇ ಎಣಿಸುತ್ತವೆ, ಪಕ್ಕದ ಮನೆಯ ಬಳಕೆ ಇವರ ಲೆಕ್ಕಕ್ಕೆ ಬರುತ್ತೆ.

ನೀರಿನ ಮೀಟರ್ ಇಷ್ಟು ಸುಲಭ ಅಲ್ಲ. ಒಂದೊಂದು ಮನೆಗೆ ನೀರು ಎಷ್ಟು ಕಡೆಯಿಂದ ಒಳಗೆ ಬರುತ್ತೆ ಎಣಿಸಿ. ಅಡುಗೆಮನೆಗೊಂದು, ಬಚ್ಚಲಿಗೊಂದು ಬೇರೆ ಬೇರೆ ಪೈಪ್ ಟ್ಯಾಂಕಿನಿಂದ ಇಳಿದಿದ್ದರೆ ಮನೆಗೆ ಎರಡು-ಮೂರು ಮೀಟರ್ ಬೇಕು, ಆಗ ಗಿಟ್ಟೋದು ಕಷ್ಟ. ಮೀಟರಿಗೆ ಮೊದಲು ಜಾಲರಿ ಫಿಲ್ಟರ್, ಮೊದಲೂ ನಂತರವೂ ಒಂದೊಂದು ವಾಲ್ವ್ ಇರಲಿ. ತಯಾರಕರು ಹೇಳಿದಷ್ಟು ಉದ್ದದ ನೇರ ಪೈಪು ಬಿಡಿ. ಪೈಪಿನಲ್ಲಿ ಗಾಳಿ ಸೇರಿದರೆ ಮೀಟರ್ ಗಾಳಿಗೂ ತಿರುಗುತ್ತೆ. ಹನಿ ಹನಿ ಸೋರಿಕೆಗೆ ತಿರುಗೋದೇ ಇಲ್ಲ. ಅದಕ್ಕೇ ಮನೆ ಮೀಟರ್‌ಗಳ ಮೊತ್ತ ಮುಖ್ಯ ಮೀಟರಿಗೆ ಎಂದೂ ಸರಿಹೊಂದಲ್ಲ, ಆ ವ್ಯತ್ಯಾಸ ಮಾಲೀಕರ ಪಾಲು.

---

ಲೆಕ್ಕದಪುಸ್ತಕ

ಖರ್ಚು ಹಂಚುವ ಲೆಕ್ಕ ನಾನು ಹೇಳುತ್ತೇನೆ. ತಿಂಗಳ ಕರಾರಿನ ಆ ಎರಡು ಮನೆಗಳಿಗೆ ನೋಟಿಸ್ ಕೊಟ್ಟು, ಉಳಿದವಕ್ಕೆ ನವೀಕರಣದ ಹೊತ್ತಿಗೆ ಇದು ಅನ್ವಯಿಸುತ್ತದೆ. ಖಾಲಿ ಮನೆಗೆ ಹೊಸದಾಗಿ ಬರುವವರಿಗೆ ಮೊದಲ ದಿನದಿಂದಲೇ ಇದೇ ಕರಾರು ಮಾಡಿ.

ನೀರಿಗೆ ಮೀಟರ್ ಹಾಕಲಾಗದಿದ್ದರೆ ತಲೆಯೆಣಿಕೆ. ಉದಾಹರಣೆಗೆ ತಿಂಗಳಿಗೆ 90 ಸಾವಿರ ಲೀಟರ್ ಬಂತು ಅನ್ನಿ. ಗಿಡಕ್ಕೆ, ಮೆಟ್ಟಿಲು ತೊಳೆಯಲು, ಮೀಟರ್ ವ್ಯತ್ಯಾಸಕ್ಕೆ ಅಂತ 6 ಸಾವಿರ ಮೊದಲು ಮಾಲೀಕರ ಲೆಕ್ಕಕ್ಕೆ ತೆಗೆಯಿರಿ. ಉಳಿದ 84 ಸಾವಿರವನ್ನು ಕಟ್ಟಡದಲ್ಲಿರುವ 14 ಜನರಿಗೆ ಹಂಚಿದರೆ ತಲೆಗೆ 6 ಸಾವಿರ ಲೀಟರ್. ಬಿಲ್ಲಿನ ಸ್ಥಿರ ಶುಲ್ಕವನ್ನು ಜನರ ಮೇಲೆ ಹಂಚಬೇಡಿ, ಮನೆಗಳ ಮೇಲೆ ಹಂಚಿ, ಆರರಲ್ಲೊಂದು. ಖಾಲಿ ಮನೆಯ ಪಾಲು ನಿಮ್ಮದು. ಆ ಪಾಲನ್ನು ಸದ್ದಿಲ್ಲದೆ ಉಳಿದ ಐದು ಮನೆಗಳ ಮೇಲೆ ಹಾಕುವುದು ಅನ್ಯಾಯ, ಬಾಡಿಗೆದಾರರು ಮೊದಲು ಪತ್ತೆಹಚ್ಚುವುದೂ ಅದನ್ನೇ. ಮಿತಿಯಿಲ್ಲದ ಆ ಎರಡು ಮನೆಗಳ ಪಾಲೂ ಅವಧಿ ಮುಗಿಯುವವರೆಗೆ ನೀವೇ ಕಟ್ಟಬೇಕು, ಹಂಚಿಕೆಯ ಲೆಕ್ಕದಲ್ಲಿ ಮಾತ್ರ ಅವರ ತಲೆಗಳೂ ಇರಬೇಕು. ಪ್ರತಿ ತಿಂಗಳು ಮುಖ್ಯ ಬಿಲ್ಲಿನ ಪ್ರತಿ ಮತ್ತು ಈ ಲೆಕ್ಕ ಎರಡನ್ನೂ ಕೊಡಿ. ಇಂಥ ಹಂಚಿಕೆಯನ್ನೇ ನಿಷೇಧಿಸುವ ಜಾಗಗಳೂ, ಸರಬರಾಜಿನ ದರದ ಮೇಲೆ ಲಾಭ ಇಡುವುದನ್ನು ತಡೆಯುವ ಜಾಗಗಳೂ ಇವೆ, ಮೊದಲು ನಿಯಮ ನೋಡಿ.

ಬಳಕೆ ಹೆಚ್ಚಿದಂತೆ ದರ ಏರುವ ಸ್ಲ್ಯಾಬ್ ಪದ್ಧತಿ ನಿಮ್ಮಲ್ಲಿದ್ದರೆ ಆರು ಮನೆಗಳ ಬಳಕೆ ಒಂದೇ ಮೀಟರಿನಲ್ಲಿ ಸೇರಿ ಮೇಲಿನ ಸ್ಲ್ಯಾಬಿಗೆ ಹೋಗುತ್ತದೆ. ಆಗ ಸಬ್‌ಮೀಟರಿಗಿಂತ ಮನೆಗೊಂದು ಅಧಿಕೃತ ಸಂಪರ್ಕ ತೆಗೆಸುವುದೇ ಲಾಭ, ಬಾಡಿಗೆದಾರರಿಗೂ ಅಗ್ಗ.

ಕರೆಂಟನ್ನು ಅವರ ಪಾಲಿಗೆ ಬಿಡುವಾಗ ಬಾಡಿಗೆ ಇಳಿಸಬೇಕು. ಎಷ್ಟು ಅನ್ನುವುದಕ್ಕೆ 12 ತಿಂಗಳ ಸರಾಸರಿಯೇ ಆಧಾರ. ಮನೆಯೊಂದರ ಸಬ್‌ಮೀಟರ್ ವರ್ಷಕ್ಕೆ 2,640 ಯೂನಿಟ್ ತೋರಿಸಿದರೆ ತಿಂಗಳಿಗೆ 220. ಹದವಾದ ಹವೆಯ ತಿಂಗಳಲ್ಲಿ ಬರೀ 140 ಬಂದಿತ್ತು ಅಂತ ಅದರ ಬೆಲೆಯಷ್ಟೇ ಇಳಿಸಿದರೆ ಉಳಿದ 80 ಯೂನಿಟ್ ಬಾಡಿಗೆದಾರರ ಮೇಲೆ ಗುಟ್ಟಾಗಿ ಹೇರಿದಂತೆ.

ಪೂರ್ತಿ ಬಿಡಲು ಅವರು ಒಪ್ಪದಿದ್ದರೆ ಮಿತಿಯ ಷರತ್ತು ಒಳ್ಳೆಯದು. ಸಾಲು ಹೀಗಿರಲಿ: "ವರ್ಷಕ್ಕೆ 2,640 ಯೂನಿಟ್‌ವರೆಗಿನ ವಿದ್ಯುತ್ ಬಾಡಿಗೆಯಲ್ಲಿ ಸೇರಿದೆ. ಅದಕ್ಕಿಂತ ಹೆಚ್ಚಿನ ಬಳಕೆಗೆ ಮುಖ್ಯ ಬಿಲ್ಲಿನ ಆ ಅವಧಿಯ ಸರಾಸರಿ ಯೂನಿಟ್ ದರದಲ್ಲಿ ಬಾಡಿಗೆದಾರರು ಪಾವತಿಸುವುದು. ಓದುವ ಮೀಟರಿನ ಸೀರಿಯಲ್ ನಂಬರ್ ಇಂಥದ್ದು, ಪ್ರತಿ ತಿಂಗಳ ಮೊದಲ ದಿನ ಓದಲಾಗುವುದು." ಮಿತಿಯನ್ನು ತಿಂಗಳ ಬದಲು ವರ್ಷಕ್ಕೆ ಕಟ್ಟಿದರೆ ಚಳಿ-ಬೇಸಿಗೆಯ ಏರಿಳಿತ ತಾನಾಗಿ ಸರಿದೂಗುತ್ತದೆ.

---

ಕ್ರಯಪತ್ರ

ಮೇಲಿನದಕ್ಕೆ ಮೂರು ಸೇರ್ಪಡೆ.

ಬಾಡಿಗೆ ನಿಯಂತ್ರಣ ಇರುವ ಕಡೆ, ಸೇರಿದ್ದ ಸೇವೆಯನ್ನು ತೆಗೆಯುವುದನ್ನು ಬಾಡಿಗೆ ಏರಿಕೆ ಎಂದೇ ಪರಿಗಣಿಸಬಹುದು. ಆಗ ಏರಿಕೆಯ ಮಿತಿ, ನೋಟಿಸ್ ಎಲ್ಲವೂ ಇದಕ್ಕೂ ಲಾಗು.

ಹೀಟರ್ ಮನೆಯವರ ಜೊತೆ ಅವಧಿಯ ನಡುವೆ ಬದಲಾವಣೆ ಬೇಕಿದ್ದರೆ ಅದು ಅವರ ಒಪ್ಪಿಗೆಯಿಂದ ಮಾತ್ರ ಸಾಧ್ಯ, ಪ್ರತಿಯಾಗಿ ಅವರಿಗೆ ಏನಾದರೂ ಸಿಗಬೇಕು. ಬಾಡಿಗೆಯಲ್ಲಿ ಸ್ವಲ್ಪ ಇಳಿಕೆ, ಅಥವಾ ಈಗಿನ ಹೀಟರಿಗಿಂತ ಕಡಿಮೆ ತಿನ್ನುವ, ಬಿಸಿಗಾಳಿಯನ್ನೂ ಕೊಡುವ ಇನ್ವರ್ಟರ್ ಎಸಿ. ಇಬ್ಬರೂ ಸಹಿ ಹಾಕಿದ ತಿದ್ದುಪಡಿ ಪತ್ರವಾಗಿ ಬರೆದಿಡಿ. ಫ್ಯೂಸ್ ತೆಗೆಯುವುದು, ನೀರಿನ ವಾಲ್ವ್ ತಿರುಗಿಸುವುದು ಯಾವ ಕಾರಣಕ್ಕೂ ಬೇಡ. ಬಾಡಿಗೆ ಬಾಕಿ ಇದ್ದರೂ ಅದು ಬಹುತೇಕ ಕಡೆ ಕಾನೂನುಬಾಹಿರ, ಪರಿಹಾರ ಕೊಡಬೇಕಾಗುವುದು ಮಾಲೀಕರೇ.

ಸಂಪರ್ಕ ಬಾಡಿಗೆದಾರರ ಹೆಸರಿಗೆ ಹೋದ ಮೇಲೆ ಅವರು ಮನೆ ಬಿಡುವ ದಿನದ ರೀಡಿಂಗ್ ಮತ್ತು ಬಾಕಿಯಿಲ್ಲದ ಪತ್ರ ತೋರಿಸಿದ ಬಳಿಕವೇ ಠೇವಣಿಯ ಕೊನೆಯ ಲೆಕ್ಕ ಎಂಬ ಷರತ್ತು ಹಾಕಿ. ಅವರು ಹೋದ ಕೂಡಲೇ ಸಂಪರ್ಕ ಕಡಿಯದೆ ತಾತ್ಕಾಲಿಕವಾಗಿ ಮಾಲೀಕರ ಹೆಸರಿಗೆ ಮರಳುವ ಏರ್ಪಾಡು ನಿಮ್ಮ ಸರಬರಾಜು ಕಂಪನಿಯಲ್ಲಿ ಇದೆಯೇ ಎಂದೂ ವಿಚಾರಿಸಿ. ಮನೆ ಖಾಲಿಯಿರುವಾಗ ಬಣ್ಣ, ರಿಪೇರಿ ಕೆಲಸಕ್ಕೆ ಕರೆಂಟು ಬೇಕೇ ಬೇಕು, ಕಡಿದ ಸಂಪರ್ಕವನ್ನು ಮತ್ತೆ ಕೊಡಿಸಲು ಹಲವು ಕಡೆ ಹೊಸದಾಗಿ ಸುರಕ್ಷತಾ ತಪಾಸಣೆ ಕೇಳುತ್ತಾರೆ.